ಕೋಡ್ ಕೇಳಿ: ಸರಾಸರಿ, ಮಧ್ಯಾಂಕ ಎಲ್ಲಿರಬೇಕು?

ಪ್ರಶ್ನೆ: ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ನಾವು ಕೆಲವರು ಸೇರಿ ಮಳೆ ಲೆಕ್ಕಕ್ಕೆ ಒಂದು ಓಪನ್ ಸೋರ್ಸ್ ಪೈಥಾನ್ ಪ್ಯಾಕೇಜ್ ಬರೆಯುತ್ತಿದ್ದೇವೆ. ಸರಾಸರಿ, ಮಧ್ಯಾಂಕ, ವೇರಿಯನ್ಸ್ (ಸಂಖ್ಯೆಗಳ ಹರಡಿಕೆಯ ಅಳತೆ) ಎಲ್ಲ ನಾವೇ ಬರೆದು ಅದರೊಳಗೆ ಇಟ್ಟಿದ್ದೇವೆ. ‘ಲೆಕ್ಕಕ್ಕೆಂದೇ ನಂಪೈ ಲೈಬ್ರರಿ ಇರುವಾಗ ಇದೆಲ್ಲ ಯಾಕೆ?’ ಅಂತ ಒಬ್ಬ ಗೆಳೆಯರ ತಕರಾರು. ಯಾರು ಸರಿ ಮೇಡಂ?
– ಓದುಗರು, ಹಾಸನ

ಉತ್ತರ: ಗೆಳೆಯರು ಅರ್ಧ ಸರಿ, ಮೇಷ್ಟ್ರೇ. ಆ ಫಂಕ್ಷನ್‌ಗಳನ್ನು ತೆಗೆದುಬಿಡಿ. ಆದರೆ ನಂಪೈ ಬೇಕೇ ಬೇಕು ಅಂತೇನಿಲ್ಲ.

ಇದೇ ಜಗಳ ಪೈಥಾನ್ ಕಟ್ಟುವವರ ನಡುವೆಯೂ ನಡೆದಿತ್ತು. ಸ್ಟೀವನ್ ಡಿ'ಅಪ್ರಾನೊ ಅನ್ನುವವರು ಪೆಪ್ 450 ಎಂಬ ಪ್ರಸ್ತಾವ ಬರೆದು, ಈ ಸಣ್ಣಪುಟ್ಟ ಫಂಕ್ಷನ್‌ಗಳು ಭಾಷೆಯ ಜೊತೆಗೇ ಬರಬೇಕು ಎಂದು ವಾದಿಸಿದರು. ನಂಪೈ ದೊಡ್ಡದು, ಎಲ್ಲರ ಕಂಪ್ಯೂಟರಿನಲ್ಲೂ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಜನ ತಾವೇ ಬರೆಯಲು ಹೋದರೆ ತಪ್ಪು ಬರೆಯುತ್ತಾರೆ. ಕೊನೆಗೆ 2014ರಲ್ಲಿ ಬಂದ ಪೈಥಾನ್ 3.4ರಲ್ಲಿ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಸೇರಿತು. ನಿಮಗೆ ಅದೇ ಸಾಕು.

ತಪ್ಪು ಅಂದರೆ ಎಂಥದ್ದು ಅಂತೀರಾ? 4, 8, 6, 5, 7 ತಗೊಳ್ಳಿ. ವೇರಿಯನ್ಸ್ 2. ಈಗ ಪ್ರತಿಯೊಂದಕ್ಕೂ 100 ಕೋಟಿ ಕೂಡಿಸಿ. ಹರಡಿಕೆ ಬದಲಾಗಲಿಲ್ಲ, ಉತ್ತರ 2 ಆಗಿಯೇ ಉಳಿಯಬೇಕು ಅಲ್ವಾ? ಆದರೆ ‘ವರ್ಗಗಳ ಸರಾಸರಿಯಲ್ಲಿ ಸರಾಸರಿಯ ವರ್ಗ ಕಳೆ’ ಎಂಬ ನಮ್ಮ ಪಠ್ಯಪುಸ್ತಕದ ಸೂತ್ರವನ್ನು ಹಾಗೇ ಪೈಥಾನ್‌ಗೆ ಇಳಿಸಿದರೆ 0 ಬರುತ್ತದೆ! ವರ್ಗ ಮಾಡಿದ ಮೇಲೆ ಬರುವಷ್ಟು ದೊಡ್ಡ ಫ್ಲೋಟ್ (ಕಂಪ್ಯೂಟರ್ ದಶಮಾಂಶಗಳನ್ನು ಇಡುವ ರೀತಿ) ಸಂಖ್ಯೆಗಳ ನಡುವೆ 128ರಷ್ಟು ಅಂತರ ಇರುತ್ತದೆ. ಅಲ್ಲಿ ಪಾಪದ 2 ಎಲ್ಲಿ ಕಾಣಬೇಕು? ಕಾಗದದ ಮೇಲೆ ಆ ಸೂತ್ರ ಚೆನ್ನ, ಕಂಪ್ಯೂಟರಿಗಲ್ಲ. ನಿಮ್ಮ ಫೈಲಿನಲ್ಲಿ ಇದೇ ಸೂತ್ರ ಇದೆಯಾ ಅಂತ ಇವತ್ತೇ ನೋಡಿ.

ಹಾಗಂತ ಎಲ್ಲವನ್ನೂ ಒಳಗೆ ತುಂಬುವುದೂ ಸರಿಯಲ್ಲ. ವಿಜ್ಞಾನದ ಲೆಕ್ಕಗಳ ಲೈಬ್ರರಿಯಾದ ಸೈಪೈ ಒಳಗೆ ಒಂದು ಕಾಲಕ್ಕೆ ರಿಗ್ರೆಶನ್ (ಒಂದರಿಂದ ಇನ್ನೊಂದನ್ನು ಅಂದಾಜು ಮಾಡುವ) ಮಾಡೆಲ್‌ಗಳ ಒಂದು ಭಾಗವೇ ಇತ್ತು. ಅದನ್ನು ಹೊರಗೆ ಹಾಕಿದರು. ವಿದ್ಯಾರ್ಥಿಗಳು ಓಪನ್ ಸೋರ್ಸ್ ಕೆಲಸ ಮಾಡುವ ಕಾರ್ಯಕ್ರಮವಾದ 2009ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಅದನ್ನು ತಿದ್ದಿ, ಪರೀಕ್ಷಿಸಿ, ಬೇರೆ ಪ್ಯಾಕೇಜ್ ಮಾಡಿದರು. ಅದೇ ಇವತ್ತಿನ ಸ್ಟ್ಯಾಟ್ಸ್‌ಮಾಡೆಲ್ಸ್. ಜೂಲಿಯಾ ಭಾಷೆಯವರು ಮಧ್ಯದ ದಾರಿ ಹಿಡಿದರು: 2018ರಲ್ಲಿ ಸರಾಸರಿ, ಮಧ್ಯಾಂಕಗಳನ್ನು ಭಾಷೆಯ ಮೂಲ ಭಾಗದಿಂದ ತೆಗೆದು ಸ್ಟ್ಯಾಟಿಸ್ಟಿಕ್ಸ್ ಎಂಬ ಲೈಬ್ರರಿಗೆ ಹಾಕಿದರು. ಭಾಷೆಯ ಜೊತೆಗೇ ಬರುತ್ತದೆ, ಆದರೆ ಬೇಕೆಂದು ಒಂದು ಸಾಲು ಬರೆಯಬೇಕು. ನನಗೆ ಇದು ಇಷ್ಟ.

ನಿಮ್ಮ ಪ್ಯಾಕೇಜಿನಲ್ಲಿ ಮಳೆಯವರು ಮಾತ್ರ ಕೇಳುವಂಥದ್ದು ಇರಲಿ: ಒಣ ದಿನಗಳ ಸಾಲು ಎಣಿಸುವುದು, ಬರ ಅಳೆಯುವ ಎಸ್‌ಪಿಐ ಸೂಚ್ಯಂಕ. ಅದಕ್ಕೆ ನಿಮಗಿಂತ ಒಳ್ಳೆ ಕಾವಲುಗಾರರು ಸಿಗಲ್ಲ. ಮಧ್ಯಾಂಕಕ್ಕೆ ಈಗಾಗಲೇ ಜಾಸ್ತಿ ಜನ ಇದ್ದಾರೆ.

ಪ್ರಶ್ನೆ: ಒಂದೇ ಐದು ಸಂಖ್ಯೆಗೆ ನಂಪೈ ಸ್ಟ್ಯಾಂಡರ್ಡ್ ಡೀವಿಯೇಶನ್ 1.414 ಅನ್ನುತ್ತೆ, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ ಎಸ್‌ಟಿಡೆವ್ 1.581 ಅನ್ನುತ್ತೆ. ಯಾವುದರಲ್ಲಿ ಬಗ್ ಇದೆ ಅಕ್ಕಾ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಎರಡರಲ್ಲೂ ಇಲ್ಲಮ್ಮ. ಸರಾಸರಿಯಿಂದ ಇರುವ ಅಂತರಗಳ ವರ್ಗಗಳನ್ನು ಕೂಡಿ, ನಂಪೈ ಸುಮ್ನೆ 5ರಿಂದ ಭಾಗಿಸುತ್ತದೆ. ಇನ್ನೊಂದು ಇದು ಸ್ಯಾಂಪಲ್ (ದೊಡ್ಡ ಗುಂಪಿನ ಒಂದು ತುಣುಕು) ಎಂದುಕೊಂಡು 4ರಿಂದ ಭಾಗಿಸುತ್ತದೆ, ಆರ್ ಭಾಷೆಯೂ ಹಾಗೇ. ನಂಪೈಗೆ ಡಿಡಿಒಎಫ್ (ಭಾಗಿಸುವ ಸಂಖ್ಯೆಯಿಂದ ಎಷ್ಟು ಕಳೆಯಬೇಕು ಅನ್ನುವ ಸೂಚನೆ) 1 ಅಂತ ಕೊಡು, 1.581 ಬರುತ್ತದೆ. ಇಡೀ ಗುಂಪಿನ ಲೆಕ್ಕ ಬೇಕಾದರೆ ಮಾಡ್ಯೂಲಿನಲ್ಲಿ ಪಿಎಸ್‌ಟಿಡೆವ್ ಇದೆ. ಸಂಖ್ಯೆಗಳನ್ನು ನಾಲ್ಕು ಪಾಲು ಮಾಡುವ ಚತುರ್ಥಕದಲ್ಲಂತೂ ಗಲಾಟೆ ಇನ್ನೂ ಜಾಸ್ತಿ. ಆರ್‌ನಲ್ಲಿ ಅದಕ್ಕೆ 9 ಬಗೆಯ ಲೆಕ್ಕಗಳಿವೆ! ನಿನ್ನ ಸಂಖ್ಯೆಗಳು 4, 5, 6, 7, 8 ಆಗಿದ್ದರೆ ಮೊದಲ ಚತುರ್ಥಕ ನಂಪೈನಲ್ಲಿ 5, ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನಲ್ಲಿ 4.5. ಪ್ರಾಜೆಕ್ಟ್ ವರದಿಯಲ್ಲಿ ಯಾವ ಲೈಬ್ರರಿ, ಯಾವ ವಿಧಾನ ಅಂತ ಬರೆದುಬಿಡು. ಗೈಡ್ ಕೇಳಿದಾಗ ತಡಬಡಾಯಿಸಬೇಕಿಲ್ಲ.

ಪ್ರಶ್ನೆ: ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲಿನ ಮೀನ್ (ಸರಾಸರಿ) ಫಂಕ್ಷನ್ ತುಂಬಾ ನಿಧಾನ. ಏನು ಮಾಡಲಿ?
– ಓದುಗರು, ಮೈಸೂರು

ಉತ್ತರ: ಅದು ಒಳಗೊಳಗೇ ಭಿನ್ನರಾಶಿಯಲ್ಲಿ ಕರಾರುವಾಕ್ಕಾಗಿ ಕೂಡುತ್ತದೆ, ಅದಕ್ಕೇ ನಿಧಾನ. ಪೈಥಾನ್ 3.8ರಿಂದ ಫ್ಲೋಟ್‌ನಲ್ಲೇ ಬೇಗ ಕೂಡುವ ಎಫ್‌ಮೀನ್ ಇದೆ, ಅದನ್ನು ಬಳಸಿ. ಲಕ್ಷಗಟ್ಟಲೆ ಸಾಲುಗಳಿದ್ದರೆ ಮಾತ್ರ ನಂಪೈ ಹಾಕಿಕೊಳ್ಳಿ.