ಉಡುಪಿಯಲ್ಲಿ ಓಡಿಸಲು ಫುಲ್ ಸಸ್ಪೆನ್ಷನ್ ಟ್ರೈಲ್ ಬೈಕ್ ಬೇಕಾ?

ಅಂದರೆ ಎರಡೂ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುವ, ಗುಡ್ಡದ ದಾರಿಗೆಂದೇ ಮಾಡಿದ ಸೈಕಲ್. ಮಲ್ಪೆ ಬೀಚಿಗೆ ಹೋಗಿ ಬರುವುದಷ್ಟೇ ಆದರೆ ಬೇಡ, ಸುಮ್ನೆ ದುಡ್ಡು ದಂಡ. ಮಣಿಪಾಲದ ಆಚೆ ಮುರಕಲ್ಲಿನ ಗುಡ್ಡ ಇಳಿಯುವ ಆಸೆ ಇದ್ದರೆ ಮಾತು ಬೇರೆ. ಇಂಥ ಬೈಕಿನಲ್ಲಿ ಸಾಮಾನ್ಯವಾಗಿ 120ರಿಂದ 150 ಮಿಲಿಮೀಟರ್ ಟ್ರಾವೆಲ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವಷ್ಟು ಜಾಗ, ಇರುತ್ತದೆ. ಹಿಂದಿನ ಚಕ್ರವೂ ಕಲ್ಲು, ಬೇರುಗಳ ಮೇಲೆ ಏರಿಳಿಯುತ್ತಾ ನೆಲಕ್ಕೆ ಅಂಟಿಕೊಂಡೇ ಇರುವುದರಿಂದ ಹತ್ತುವಾಗಲೂ ಬ್ರೇಕ್ ಹಾಕಿದಾಗಲೂ ಹಿಡಿತ ಸಿಗುತ್ತದೆ, ಅಸಲಿ ಲಾಭ ಅದೇ, ಸೊಂಟಕ್ಕೆ ಆರಾಮ ಅನ್ನೋದು ಆಮೇಲಿನ ಮಾತು. ಆದರೆ ಶಾಕಿನೊಳಗಿನ ಗಾಳಿಯ ಒತ್ತಡ ನಿಮ್ಮ ತೂಕಕ್ಕೆ ಹೊಂದಬೇಕು. ನೀವು ಕೂತಾಗ ಶಾಕ್ ಸುಮಾರು ಶೇ. 30ರಷ್ಟು ಕುಗ್ಗಬೇಕು. ಇದು ತಪ್ಪಿದರೆ ಲಕ್ಷಗಟ್ಟಲೆ ಬೆಲೆಯ ಬೈಕೂ ಎತ್ತಿನಗಾಡಿಯೇ, ಅಲ್ವಾ! ಇಳಿಜಾರಿನಲ್ಲಿ ಸೀಟು ತಗ್ಗಿಸಲು ಡ್ರಾಪರ್ ಪೋಸ್ಟ್ ಇರಲಿ. ಕಾರ್ಬನ್ ಫ್ರೇಮ್? ಅಲ್ಯೂಮಿನಿಯಂ ಸಾಕು. ನಮ್ಮ ಮಳೆ, ಉಪ್ಪುಗಾಳಿ ಫ್ರೇಮಿನ ಹಿಂಭಾಗ ಆಡುವ ಕೀಲುಗಳಲ್ಲಿರುವ ಪಿವಟ್ ಬೇರಿಂಗನ್ನು ತಿಂದುಹಾಕುತ್ತವೆ, ಮಳೆಗಾಲ ಮುಗಿದ ಮೇಲೆ ಬಿಚ್ಚಿಸಿ ನೋಡಿ.