ರಾಶಿ ಆದ ವಾರದಲ್ಲೇ ತೊಗರಿ ಎಲ್ಲಾ ಮಾರುಕಟ್ಟೆಗೆ ಹಾಕಬೇಡ

ತಮ್ಮಾ, ಇಪ್ಪತ್ತು ಚೀಲ ತೊಗರಿಯನ್ನೂ ಈ ವಾರವೇ ಕಲಬುರಗಿ ಗಂಜಿಗೆ (ಎಪಿಎಂಸಿ ಮಾರುಕಟ್ಟೆಗೆ) ಹಾಕಿ ಅಡತಿ ಅಂಗಡಿಯ ದಲ್ಲಾಳಿ ಸಾಲ ತೀರಿಸ್ತೀನಿ, ಮುಂಗಾರಿಗೆ ಡಿಎಪಿ ಗೊಬ್ಬರ ಬೇಕಾದಾಗ ಮತ್ತೆ ಅಲ್ಲೇ ಸಾಲ ತರ್ತೀನಿ ಅಂತ ಬರೆದಿದ್ದೀಯ. ಸ್ವಲ್ಪ ತಡಿ. ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಇದೇ ನಡೆದಿತ್ತು.

ಸಾಲಕ್ಕೆ ಎಷ್ಟು ಬೇಕೋ ಅಷ್ಟೇ ಮಾರು. ಉಳಿದದ್ದನ್ನು ಪಿಕ್ಸ್ ಚೀಲದಲ್ಲಿ ಇಡು. ಕ್ಯಾಮರೂನ್‌ನ ಸಣ್ಣ ರೈತರ ಅಲಸಂದೆ ಉಳಿಸೋಕೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮಾಡಿದ ಚೀಲ ಅದು. ಒಳಗೆ ಎರಡು ಪ್ಲಾಸ್ಟಿಕ್ ಚೀಲ, ಹೊರಗೆ ನಮ್ಮ ಮಾಮೂಲಿ ನೇಯ್ದ ಚೀಲ. ಗಾಳಿ ಸಿಗದೆ ಹುಳ ಒಳಗೇ ಸಾಯುತ್ತೆ. ಗಾಳಿಯಾಡದ ಇನ್ನೊಂದು ಬಗೆಯ ಚೀಲ ಗ್ರೇನ್‌ಪ್ರೊ ಕೂಡ ಒಳ್ಳೆಯದೇ, ಆದರೆ ಎರಡು ಪದರ ಇದ್ದರೆ ಒಂದು ತೂತಾದರೂ ಇನ್ನೊಂದು ಕಾಯುತ್ತೆ ಅಂತ ನನಗೆ ಪಿಕ್ಸೇ ಇಷ್ಟ.

ತೊಗರಿ ಚೆನ್ನಾಗಿ ಒಣಗಿರಬೇಕು. ಕಾಳು ಕಡಿದರೆ ಕಟ್ ಅಂತ ಹೋಳಾಗಬೇಕು. ಹಲ್ಲಿನ ಗುರುತು ಮೂಡಿದರೆ ಇನ್ನೂ ಹಸಿ, ಮತ್ತೆ ಬಿಸಿಲಿಗೆ ಹಾಕು. ಹಸಿ ಕಾಳು ಕಟ್ಟಿಟ್ಟರೆ ಬೂಜು ಗ್ಯಾರಂಟಿ. ಕಡ್ಡಿ ಇದ್ದರೆ ಪ್ಲಾಸ್ಟಿಕ್ ಹರಿಯುತ್ತೆ, ಅದಕ್ಕೆ ಮೊದಲು ಜರಡಿ ಹಿಡಿ. ತುಂಬಿದ ಮೇಲೆ ಗಾಳಿ ಒತ್ತಿ ತೆಗೆದು, ಒಳಚೀಲದ ಬಾಯಿ ತಿರುಚಿ, ಮಡಚಿ, ಸುತಲಿಯಿಂದ ಬಿಗಿಯಾಗಿ ಕಟ್ಟು. ಎರಡನೆಯದನ್ನೂ ಹಾಗೇ ಬೇರೆಯಾಗಿ ಕಟ್ಟು. ಹೇಗಿದೆ ನೋಡೋಣ ಅಂತ ವಾರ ವಾರ ಬಿಚ್ಚಿದರೆ ಚೀಲಕ್ಕೆ ಕೊಟ್ಟ ರೊಕ್ಕ ದಂಡ. ಇಲಿ ಕಾಟ ಇರೋ ಮನೆಯಾದರೆ ಹಲಗೆ ಮೇಲೆ, ಗೋಡೆ ಬಿಟ್ಟು ಇಡು.

ಇನ್ನು ಹುಳ ಸಾಯಿಸೋಕೆ ಕಾಳಿನಲ್ಲಿಡೋ ಸೆಲ್ಫಾಸ್ ವಿಷದ ಗುಳಿಗೆ. ಮಕ್ಕಳು ಮಲಗೋ ಮನೆಯಲ್ಲಿ ಅದನ್ನು ಇಡೋರಿಗೆ ಏನು ಹೇಳಬೇಕೋ! ಆ ಗ್ಯಾಸಿಗೆ ಜೀವ ಹೋಗುತ್ತೆ. ದಯವಿಟ್ಟು ಬೇಡ.

ಸಾಲ ಜಾಸ್ತಿ ಇದ್ದು ಇಡೋಕೆ ಆಗಲ್ಲ ಅಂದರೆ, ಡಬ್ಲ್ಯುಡಿಆರ್‌ಎ (ಕೇಂದ್ರದ ಗೋದಾಮು ಪ್ರಾಧಿಕಾರ) ನೋಂದಣಿ ಇರೋ ಗೋದಾಮಿನಲ್ಲಿಟ್ಟು ರಸೀದಿ ಮೇಲೆ ಬ್ಯಾಂಕ್ ಸಾಲ ತಗೋ. ಕಿಸಾನ್ ಕ್ರೆಡಿಟ್ ಕಾರ್ಡ್ ಇರೋ ಸಣ್ಣ ರೈತರಿಗೆ ಸುಗ್ಗಿ ಆದ ಮೇಲೆ 6 ತಿಂಗಳವರೆಗೆ ಬಡ್ಡಿ ರಿಯಾಯಿತಿ ಇದೆ. ಬಾಡಿಗೆ, ಹಮಾಲಿ ಮಾತ್ರ ಮೊದಲೇ ಲೆಕ್ಕ ಹಾಕು. ಕೀನ್ಯಾದ ಮೆಕ್ಕೆಜೋಳದ ರೈತರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ಇಂಥ ಸಾಲದ ಪ್ರಯೋಜನವನ್ನೇ ತೋರಿಸಿತು. ಸುಗ್ಗಿಯಲ್ಲಿ ಸಾಲ ಸಿಕ್ಕವರು ಮಾಲು ಹಿಡಿದಿಟ್ಟು, ಆಮೇಲೆ ಮಾರಿ ಲಾಭ ಕಂಡರು. ಆದರೆ ಒಂದೇ ಕಡೆ ಬಹಳ ಜನ ಹಿಡಿದಿಟ್ಟಾಗ ರೇಟಿನ ಅಂತರವೇ ಕಡಿಮೆಯಾಗಿ, ಸಾಲ ಪಡೆದವರ ಲಾಭ ಇಳಿಯಿತು.

ಅದಕ್ಕೇ ಹೇಳೋದು, ಇಟ್ಟರೆ ರೇಟು ಏರೇ ಏರುತ್ತೆ ಅಂತಲ್ಲ. 2016–17ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5050 ರೂಪಾಯಿ ಇದ್ದಾಗ ಗಂಜಿನಲ್ಲಿ ಅದಕ್ಕಿಂತ ಕೆಳಗೆ ಹೋಗಿದ್ದು ಮರೆತಿಲ್ಲ ತಾನೆ? ಬೆಂಬಲ ಬೆಲೆ ಖರೀದಿಗೆ ಹೆಸರು ಬರೆಸಿಡು, ಅಲ್ಲಿ ತೇವಾಂಶ ಶೇ. 12ರೊಳಗೆ ಇರಬೇಕು. ಆಗಸ್ಟ್ ದಾಟಿಸಬೇಡ, ಆಮೇಲೆ ಮೊಜಾಂಬಿಕ್, ತಾಂಜಾನಿಯಾ ತೊಗರಿ ಹಡಗಿನಲ್ಲಿ ಬಂದು ರೇಟು ಇಳಿಯಬಹುದು.

ಡಿಎಪಿಯನ್ನು ಈಗಲೇ, ಕೈಯಲ್ಲಿ ರೊಕ್ಕ ಇರುವಾಗಲೇ ತಂದಿಡು. ಕೀನ್ಯಾದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ ಸುಗ್ಗಿ ಆದ ಕೂಡಲೇ ಮನೆಗೆ ಗೊಬ್ಬರ ತಲುಪಿಸ್ತೀವಿ ಅಂದಾಗ ಜಾಸ್ತಿ ರೈತರು ಕೊಂಡರು. ಯೂರಿಯಾ ಮಾತ್ರ ಬೇಡ, ತೇವಕ್ಕೆ ಗಟ್ಟಿಯಾಗುತ್ತೆ. ಬಿತ್ತನೆ ಬೀಜಕ್ಕೆ ಹಚ್ಚೋ ರೈಜೋಬಿಯಂ, ಟ್ರೈಕೋಡರ್ಮಾ ಕೂಡ ಈಗ ಬೇಡ. ಅವು ಜೀವ ಇರೋ ವಸ್ತು, ಬಿತ್ತನೆ ಹತ್ತಿರ ಬಂದಾಗ ತಾರೀಖು ನೋಡಿ ತಗೋ.