ಎಂಟು ಸಿಲಿಂಡರಿನ ಆ ಎಂಜಿನ್ ಬುಗಾಟಿಯದ್ದೇ, ಆದರೆ ಯಾವ ಕಾರಿನದು?

ಹೆಸರಿನ ಫಲಕ ಕಳೆದುಹೋಗಿರುವ ನಿಮ್ಮ ಸೂಪರ್‌ಚಾರ್ಜ್ಡ್ (ಗಾಳಿಯನ್ನು ಒತ್ತಿ ತುಂಬುವ) ಎಂಜಿನ್ ಆಲ್ಫಾ ರೋಮಿಯೋದ್ದೋ ಬುಗಾಟಿಯದ್ದೋ ಎಂದು ಕೇಳಿದ್ದೀರಿ. ಎಂಟು ಸಿಲಿಂಡರುಗಳು ನಾಲ್ಕು ನಾಲ್ಕರಂತೆ ಎರಡು ಬ್ಲಾಕುಗಳಲ್ಲಿವೆ ಎಂಬುದೊಂದರಿಂದಲೇ ಇದನ್ನು ತೀರ್ಮಾನಿಸಲಾಗದು, ಏಕೆಂದರೆ ಆ ಏರ್ಪಾಡು ಇಬ್ಬರಲ್ಲೂ ಇತ್ತು. ಆದರೆ 1931ರ ಆಲ್ಫಾ 8ಸಿ 2300ರಲ್ಲಿ ವಾಲ್ವ್‌ಗಳನ್ನು ತೆರೆಯುವ ದಂಡಗಳಾದ ಕ್ಯಾಮ್‌ಶಾಫ್ಟ್‌ಗಳು ಎರಡಿದ್ದು, ಅವನ್ನು ತಿರುಗಿಸುವ ಗೇರುಗಳ ಸಾಲು ಬ್ಲಾಕುಗಳ ನಡುವೆಯೇ ನಿಂತಿರುತ್ತದೆ. ನಿಮ್ಮ ಚಿತ್ರದಲ್ಲಿ ಕಾಣುವುದು ಒಂದೇ ಕ್ಯಾಮ್‌ಶಾಫ್ಟ್. ಮುಂತುದಿಯ ನೆಟ್ಟನೆಯ ದಂಡ ಅದನ್ನು ತಿರುಗಿಸುತ್ತದೆ, ಪ್ರತಿ ಸಿಲಿಂಡರಿಗೂ ಎರಡು ಇನ್ಲೆಟ್ (ಒಳಹರಿವಿನ) ಮತ್ತು ಒಂದು ಎಕ್ಸಾಸ್ಟ್ (ಹೊಗೆ ಹೊರಹೋಗುವ) ವಾಲ್ವ್ ಇವೆ. ಇದು ಬುಗಾಟಿ ಕಾರ್ಖಾನೆಯಿದ್ದ ಮೊಲ್ಶೈಮ್‌ನ ಕೆಲಸವೆಂಬುದರಲ್ಲಿ ನನಗೆ ಅನುಮಾನವಿಲ್ಲ.

ನೀವು ಕೊಟ್ಟಿರುವ 60 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 100 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಅಳತೆಗಳಿಂದ ಎಂಟು ಸಿಲಿಂಡರುಗಳಿಗೆ ಒಟ್ಟು 2262 ಸಿಸಿ ಬರುತ್ತದೆ. ಅದು ಬುಗಾಟಿಯ ರೇಸ್ ಕಾರಾದ ಟೈಪ್ 35ಬಿಗೆ ಹೊಂದುತ್ತದೆ, ಸ್ಟ್ರೋಕ್ 88 ಮಿ.ಮೀ. ಇರುವ 35ಸಿಗೆ ಅಲ್ಲ. ಹಾಗೆಂದು ಇದನ್ನು ರೇಸ್ ಕಾರಿನ ಎಂಜಿನ್ ಎಂದು ಈಗಲೇ ನಂಬಬೇಡಿ: 1927ರಲ್ಲಿ ಬಂದ, ರಸ್ತೆಯಲ್ಲಿ ಓಡಿಸುವ ಟೈಪ್ 43ರಲ್ಲೂ ಇದೇ ಎಂಜಿನ್ ಇತ್ತು, ಮೇಲಾಗಿ ಹೊಸದಾಗಿ ಎರಕ ಹೊಯ್ದ ಪ್ರತಿಗಳೂ ಚಲಾವಣೆಯಲ್ಲಿವೆ. ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಕವಚದ) ಮೇಲೆ ಕೆತ್ತಿದ ಸಂಖ್ಯೆಯನ್ನು, ಮರಳುಕಾಗದದಿಂದ ಉಜ್ಜದೆ, ಓರೆ ಬೆಳಕಿನಲ್ಲಿ ಚಿತ್ರ ತೆಗೆದು ದಯವಿಟ್ಟು ಕಳಿಸಿ.